ಕಣ್ಣು ಮುಚ್ಚಿ ಕೂರುವ ಗಿರಾಕಿ

ಹೊಳಲ್ಕೆರೆಯ ಅಡಿಕೆ ಮಂಡಿಯಲ್ಲಿ ಈರಬಸಪ್ಪನನ್ನು ಕಂಡರೆ ರೈತರಿಗೆ ಒಳಗೊಳಗೇ ಉರಿ. ಚೀಲದ ಬಾಯಿ ಬಿಚ್ಚಿ ಮೇಲಿನ ಅಡಿಕೆ ತೋರಿಸಿದರೆ ಅವನು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಇಡೀ ಚೀಲವನ್ನು ನೆಲಕ್ಕೆ ಸುರಿಸಿ, ಬುಡದಿಂದ ನಾಲ್ಕು ಅಡಿಕೆ ಆರಿಸಿ, ಉಗುರಲ್ಲಿ ಕೆರೆದು, ಹೆಬ್ಬೆರಳಲ್ಲಿ ಉಜ್ಜಿ, ಆಮೇಲೆ ದರ್ಜೆ ಹೇಳುತ್ತಿದ್ದ. ಹತ್ತು ವರ್ಷ ಇದೇ ಕೆಲಸ ಮಾಡಿ ಮನುಷ್ಯರನ್ನೂ ಬುಡಮೇಲು ಮಾಡಿ ನೋಡುವ ಚಾಳಿ ಹತ್ತಿಕೊಂಡಿತ್ತು. ಹಾಲಿನವಳ ಹಾಲು, ಶಿವಮೊಗ್ಗ ಬಸ್ಸಿನವರು ಹೇಳುವ ಟೈಮು, ಹೆಂಡತಿಯ ತವರಿನವರ ನಗು, ಯಾವುದೂ ಅವನ ಮುಂದೆ ಸುಲಭಕ್ಕೆ ಪಾಸಾಗುತ್ತಿರಲಿಲ್ಲ.

ಅವನು ನಂಬಿ ಕಣ್ಣು ಮುಚ್ಚುತ್ತಿದ್ದ ಜಾಗ ಊರಲ್ಲಿ ಒಂದೇ ಇತ್ತು. ಅದು ಬಸ್‌ಸ್ಟ್ಯಾಂಡ್ ಹಿಂದಿನ ಅಂಜನಪ್ಪನ ಕಟಿಂಗ್ ಶಾಪಿನ ಕುರ್ಚಿ. ಅಂಜನಪ್ಪನಿಗೆ ಆಗ ಐವತ್ತರ ಆಸುಪಾಸು. ಅಂಗಡಿಯಲ್ಲಿ ಎರಡು ಕುರ್ಚಿ, ಒಂದರ ಹಿಂದೆ ಅವನು, ಇನ್ನೊಂದರ ಹಿಂದೆ ಅವನ ತಂಗಿಯ ಗಂಡ. ಈರಬಸಪ್ಪ ದಿನ ಬಿಟ್ಟು ದಿನ ಹೋಗಿ ಕುರ್ಚಿಗೆ ಒರಗಿದನೆಂದರೆ ನೊರೆ ಹಚ್ಚುವ ಮುಂಚೆಯೇ ರೆಪ್ಪೆ ಮುಚ್ಚಿರುತ್ತಿತ್ತು. ಕೆಲಸ ಮುಗಿದ ಮೇಲೆ ಮಾತ್ರ ಕಣ್ಣು ಬಿಟ್ಟು, ಗಂಟಲಿನ ಕೆಳಗಿನಿಂದ ಗಲ್ಲದವರೆಗೆ ಅಂಗೈಯನ್ನು ಮೇಲ್ಮುಖವಾಗಿ ಉಜ್ಜಿ ನೋಡುತ್ತಿದ್ದ, ಥೇಟ್ ಅಡಿಕೆ ನೋಡುವ ಹಾಗೆಯೇ. ಎಲ್ಲಾದರೂ ಚೂರು ಒರಟು ತಾಗಿದರೆ, ಉಲ್ಟಾ ಎಳಿ ಅನ್ನುತ್ತಿದ್ದ. ಅಂಜನಪ್ಪ ಕತ್ತಿಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಿದ್ದ. ಕೆಲವು ದಿನ ಮೂರು ಸಲ.

ತೊಂಬತ್ತಾರರ ಬೇಸಿಗೆಯಲ್ಲಿ ಕುತ್ತಿಗೆಯ ಮೇಲೆ ಗುಳ್ಳೆ ಎದ್ದವು. ಮೊದಲು ಸಾಸಿವೆಯಷ್ಟು, ಆಮೇಲೆ ಕೆಂಪಗೆ, ಕೆಲವುಗಳ ತುದಿಯಲ್ಲಿ ಕೀವು. ಬೆವರು ತಾಗಿದರೆ ಧಗಧಗ ಉರಿ. ಅಂಜನಪ್ಪ ಅವನ್ನು ನೋಡಿ, ಉಲ್ಟಾ ಹೊಡೆಸೋದು ಬಿಡಿ, ಒಂದು ತಿಂಗಳು ಗಡ್ಡ ಬಿಡಿ, ತಾನಾಗಿ ಹೋಗುತ್ತವೆ ಅಂದ. ಕತ್ತಿ ಹಿಡಿದು ಬದುಕುವವನು ಗಡ್ಡ ಬಿಡಿ ಅನ್ನುತ್ತಾನೆಂದರೆ ಇದರೊಳಗೆ ಏನೋ ಇದೆ ಎಂದು ಈರಬಸಪ್ಪನಿಗೆ ಅವತ್ತೇ ಅನುಮಾನ ಬಂತು. ಕೆಲಸ ತಪ್ಪಿಸಿಕೊಳ್ಳುತ್ತಿದ್ದಾನೆ, ಇಲ್ಲವೇ ತನ್ನ ತಪ್ಪು ಮುಚ್ಚಿಕೊಳ್ಳುತ್ತಿದ್ದಾನೆ.

ಆಮೇಲೆ ಅವನ ಕಣ್ಣಿಗೆ ಆ ಅಂಗಡಿಯ ಒಂದೊಂದು ವಸ್ತುವೂ ಬುಡದ ಅಡಿಕೆಯ ಹಾಗೆ ಕಾಣತೊಡಗಿತು. ಎಲ್ಲರ ಮುಖಕ್ಕೂ ಒಂದೇ ಬ್ರಶ್ಶು, ಎಲ್ಲರ ಗಾಯಕ್ಕೂ ಒಂದೇ ಪಟಿಕದ ಕಲ್ಲು, ಮೊಳೆಗೆ ನೇತು ಹಾಕಿದ ಒಂದೇ ಟವೆಲು. ಇನ್ನು ಬ್ಲೇಡು? ಅದನ್ನು ಬದಲಾಯಿಸಿದ್ದು ತಾನು ಒಂದು ದಿನವೂ ನೋಡಿಲ್ಲವಲ್ಲ ಅನ್ನಿಸಿತು. ಬ್ಲೇಡಿನಿಂದ ಏಡ್ಸ್ ಎಂಬ ದೊಡ್ಡ ಕಾಯಿಲೆ ಹಬ್ಬುತ್ತದೆಂದು ಸರ್ಕಾರದವರು ಗೋಡೆಗಳ ಮೇಲೆ ಬರೆಸುತ್ತಿದ್ದ ಕಾಲ ಅದು. ಒಂದು ದಿನ ಮಂಡಿಯಲ್ಲಿ ಚಹಾ ಕುಡಿಯುತ್ತ ಈರಬಸಪ್ಪ ಕುತ್ತಿಗೆ ತೋರಿಸಿ ಅಂದುಬಿಟ್ಟ: “ಒಂದೇ ಬ್ಲೇಡಲ್ಲಿ ಹತ್ತು ಜನಕ್ಕೆ ಹೊಡೀತಾನೆ ಕಣ್ರಿ ಅಂಜನಪ್ಪ.”

ನೋಡದೇ ಇದ್ದದ್ದನ್ನು ನೋಡಿದವನ ಹಾಗೆ ಹೇಳಿದ್ದ. ಅಡಿಕೆಯಲ್ಲಿ ಅವನ ಮಾತಿಗೆ ಎದುರಾಡುವವರಿರಲಿಲ್ಲ, ಇದರಲ್ಲೂ ಯಾರೂ ಆಡಲಿಲ್ಲ.

ಅಷ್ಟರಲ್ಲಿ ಮದುವೆಯಾಗಿ ಏಳು ವರ್ಷದ ಮೇಲೆ ಅವನ ಹೆಂಡತಿ ಶಾಂತಕ್ಕ ಬಸುರಾದಳು. ಐದು ತಿಂಗಳು ತುಂಬಿದ್ದೇ ತಡ, ಬಸುರಿಯ ಗಂಡ ಕ್ಷೌರ ಮಾಡಿಸಕೂಡದೆಂದು ಅವನ ತಾಯಿ ಮಲ್ಲಕ್ಕ ಅಪ್ಪಣೆ ಕೊಟ್ಟಳು. ಈರಬಸಪ್ಪ ಗಡ್ಡ ಬಿಟ್ಟ. ತಿಂಗಳೊಳಗೆ ಉರಿ ನಿಂತಿತು, ಎರಡು ತಿಂಗಳಿಗೆ ಗುಳ್ಳೆಗಳ ಸುಳಿವೇ ಇಲ್ಲ. ಮಲ್ಲಕ್ಕ ಹುಟ್ಟುವ ಕೂಸಿನ ಕಾಲ್ಗುಣ ಅಂದಳು. ಈರಬಸಪ್ಪನಿಗೆ ಅದು ಪಕ್ಕಾ ಸಾಕ್ಷಿ. ಅಂಜನಪ್ಪನ ಕೈ ತಪ್ಪಿತು, ಗುಳ್ಳೆ ಹೋಯಿತು. ಗಡ್ಡ ಎತ್ತಿ ಕುತ್ತಿಗೆಯ ನುಣುಪನ್ನು ಮಂಡಿಯವರಿಗೆಲ್ಲ ತೋರಿಸಿದ. ಅಂಜನಪ್ಪ ಹಿಂದೆಯೇ ಇದನ್ನು ಹೇಳಿದ್ದನೆಂಬುದು ನೆನಪಿಗೆ ಬರಲಿಲ್ಲ ಅಂತಲ್ಲ, ಬಂದದ್ದನ್ನು ಅವನು ಪಕ್ಕಕ್ಕೆ ತಳ್ಳಿದ. ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗಿ, ಸಂಕ್ರಾಂತಿಯ ಹೊತ್ತಿಗೆ ಅಂಜನಪ್ಪನ ಅಂಗಡಿಯ ಎರಡನೇ ಕುರ್ಚಿ ಮಾರಾಟವಾಯಿತು. ತಂಗಿಯ ಗಂಡ ಚಿತ್ರದುರ್ಗದಲ್ಲಿ ಬೇರೆಯವರ ಅಂಗಡಿಯಲ್ಲಿ ಕೂಲಿಗೆ ನಿಂತನೆಂದು ಸುದ್ದಿ ಬಂತು.

ಹಿರಿಯೂರಿನ ತವರಿನಲ್ಲಿ ಶಾಂತಕ್ಕನಿಗೆ ಹೆಣ್ಣು ಮಗುವಾಯಿತು. ಕೀರ್ತನಾ ಎಂದು ಹೆಸರಿಟ್ಟರು. ತೊಟ್ಟಿಲ ಶಾಸ್ತ್ರಕ್ಕೆ ಹೋಗುವ ಹಿಂದಿನ ದಿನ ಈರಬಸಪ್ಪ ಹೊಸ ರೇಜರು, ಹೊಸ ಬ್ರಶ್ಶು, ಸೀಲು ಒಡೆಯದ ಬ್ಲೇಡಿನ ಪ್ಯಾಕೆಟ್ಟು ತಂದು, ಮನೆಯ ಕನ್ನಡಿಯ ಮುಂದೆ ತಾನೇ ಕೂತ. ಚರ್ಮ ಬಿಗಿಯಾಗಿ ಎಳೆದು ಹಿಡಿದು ಮೇಲಿನಿಂದ ಒಂದು ಸಲ, ಕೆಳಗಿನಿಂದ ಎರಡು ಸಲ. ಅಂಗೈ ಜಾರಿತು. ಇನ್ನು ಯಾವ ನನ್ಮಗನ ಹಂಗೂ ಇಲ್ಲ ಅಂದುಕೊಂಡ.

ಮೂರನೇ ದಿನಕ್ಕೆ ಗುಳ್ಳೆ ಮತ್ತೆ ಎದ್ದವು. ಈ ಸಲ ಕುತ್ತಿಗೆಯಲ್ಲಿ ನಿಲ್ಲದೆ ದವಡೆಗೆ ಏರಿದವು. ಅವನು ಸೋಪು ಬದಲಾಯಿಸಿದ, ಬ್ಲೇಡಿನ ಕಂಪನಿ ಬದಲಾಯಿಸಿದ, ನಲ್ಲಿ ನೀರು ಬಿಟ್ಟು ಬಾವಿ ನೀರು ತಂದ. ಉಗುರಲ್ಲಿ ಚಿವುಟಿ ಚಿವುಟಿ ಗಾಯ ಮಾಡಿಕೊಂಡ. ಐದನೇ ತಿಂಗಳಿಗೆ ಬಾಣಂತಿ ಕೂಸಿನೊಡನೆ ಹೊಳಲ್ಕೆರೆಗೆ ಬಂದಾಗ ಅವನ ಮುಖ ನೋಡಿ ಮಲ್ಲಕ್ಕ ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು.

“ಈ ಮಖ ವಾಸಿ ಆಗಾಗಂಟ ಕೂಸಿನ ಕೆನ್ನೀಗೆ ಕೆನ್ನೆ ತಾಗಿಸಬ್ಯಾಡ. ಅಂಟಿದ್ರೆ ಯಾರಪ್ಪ ಗತಿ?”

ಏಳು ವರ್ಷ ಕಾದು ಹುಟ್ಟಿದ ಮಗಳು. ಅವನು ಕೈಯನ್ನು ನೀಳವಾಗಿ ಚಾಚಿ, ಬಿಸಿ ಪಾತ್ರೆ ಹಿಡಿದವನ ಹಾಗೆ ಅವಳನ್ನು ದೂರದಲ್ಲೇ ಎತ್ತಬೇಕಾಯಿತು. ಅವಳು ಕುತ್ತಿಗೆಗೆ ಬೀಳಲು ಬಗ್ಗಿದಾಗಲೆಲ್ಲ ಮುಖ ತಿರುಗಿಸಬೇಕಾಯಿತು. ಅವನಿಗೆ ಅಳು ಬರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು, ಅನುಮಾನಪಡಲು ಈಗ ಯಾರೂ ಉಳಿದಿಲ್ಲವೆಂಬುದು. ಬ್ಲೇಡು ಅವನದೇ, ಬ್ರಶ್ಶು ಅವನದೇ, ಕೈಯೂ ಅವನದೇ.

ಚಿತ್ರದುರ್ಗದ ಚರ್ಮದ ಡಾಕ್ಟರಮ್ಮ ಅವನ ಕುತ್ತಿಗೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು. ಕುದಿಸಿದ ಸೂಜಿಯಿಂದ ಒಂದು ಗುಳ್ಳೆಯ ತುದಿಯನ್ನು ಮೆಲ್ಲಗೆ ಎತ್ತಿದರು. ಒಳಗಿನಿಂದ ಸುರುಳಿ ಬಿಚ್ಚಿಕೊಂಡು ಒಂದು ಕಪ್ಪು ಕೂದಲು ಹೊರಬಂತು. ಮುಖ ದೊಡ್ಡದಾಗಿ ಕಾಣುವ ಕನ್ನಡಿ ಕೊಟ್ಟು ಅವನಿಗೂ ಅದನ್ನು ತೋರಿಸಿದರು. ನುಣ್ಣಗಾಗಲೆಂದು ಉಲ್ಟಾ ಹೊಡೆದರೆ ಕೂದಲು ಚರ್ಮದ ಒಳಗೇ ತುಂಡಾಗುತ್ತದೆ, ಬೆಳೆಯುವಾಗ ದಾರಿ ಸಿಗದೆ ಒಳಕ್ಕೇ ತಿರುಗಿ ಚುಚ್ಚುತ್ತದೆ, ನಿಮ್ಮದು ಗುಂಗುರು ಕೂದಲು ಬೇರೆ, ಅಂದರು. ಒಂದು ತಿಂಗಳು ಗಡ್ಡ ಬಿಡಿ, ದಿನಾ ಬಿಸಿನೀರಿನ ಬಟ್ಟೆ ಒತ್ತಿ, ಉಗುರು ತಾಗಿಸಬೇಡಿ. ಆಮೇಲೆ ಹೊಡೆಸುವಾಗ ಕೂದಲು ಮೆತ್ತಗಾಗುವವರೆಗೆ ನೊರೆ ಇರಲಿ, ಚರ್ಮ ಎಳೆಯಬೇಡಿ, ಕೂದಲು ಮಲಗಿದ ದಿಕ್ಕಿಗೆ ಒಂದೇ ಸಲ, ಕೊನೆಗೆ ತಣ್ಣೀರು. ಬರೆದುಕೊಟ್ಟದ್ದು ಒಂದು ಸಣ್ಣ ಟ್ಯೂಬು ಮುಲಾಮು ಮಾತ್ರ. ಇಷ್ಟು ಕಡಿಮೆ ಔಷಧ ಬರೆಯುವ ಡಾಕ್ಟರು ನಿಜವಾಗಿ ಓದಿದವರೇ ಎಂದು ಒಂದು ಗಳಿಗೆ ಗೋಡೆಯ ಸರ್ಟಿಫಿಕೇಟಿನ ಕಡೆ ಅವನ ಕಣ್ಣು ಹೋಯಿತು.

“ಮಗೀಗೆ ಅಂಟ್ತೈತಾ ಮೇಡಂ?”

“ಕೂದಲು ಅಂಟುತ್ತೇನ್ರಿ? ಇದು ಕಾಯಿಲೆನೇ ಅಲ್ಲ. ನಿಮಗಿದನ್ನ ಯಾವ ಕ್ಷೌರದವರೂ ಹೇಳಲಿಲ್ವಾ?”

ಈರಬಸಪ್ಪ ಚೀಟಿ ಮಡಚಿ ಜೇಬಿಗಿಟ್ಟು ಎದ್ದ. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕೂತವನಿಗೆ ಮಾರಾಟವಾದ ಆ ಕುರ್ಚಿಯೇ ಕಣ್ಣಮುಂದೆ ಬರುತ್ತಿತ್ತು.

ತಿಂಗಳು ಕಳೆಯಿತು, ಗುಳ್ಳೆ ಹೋದವು. ಸಂತೆಯ ದಿನ ಹೆಂಡತಿ ಮಗುವನ್ನು ಸೂಜಿ ಹಾಕಿಸಲು ಕರೆದುಕೊಂಡು ಹೊರಟಾಗ ಅವನೂ ಹೊರಟ. ಅಂಜನಪ್ಪನ ಅಂಗಡಿಯ ಮುಂದೆ ಅವಳನ್ನು ನಿಲ್ಲಿಸಿ ಒಳಗೆ ಹೋದ. ಗಿರಾಕಿ ಒಬ್ಬರೂ ಇರಲಿಲ್ಲ. ಅಂಜನಪ್ಪ ಅವನನ್ನು ನೋಡಿ ಎದ್ದು ಕುರ್ಚಿ ಒರೆಸಿದ.

“ಕುಂತ್ಕಳ್ರಿ. ಬ್ಲೇಡು ತಂದಿದೀರಾ? ಈಗೆಲ್ಲ ಮನೆಯಿಂದ್ಲೇ ತರ್ತಾರೆ.”

ತಂದಿಲ್ಲ ಅಂದ ಈರಬಸಪ್ಪ. ಒರಗಿದ, ಕತ್ತು ಹಿಂದಕ್ಕೆ ಬಾಗಿತು, ಗಂಟಲು ತೆರೆದುಕೊಂಡಿತು. ತನ್ನ ಅನ್ನ ಕಸಿದವನ ಗಂಟಲು ಕೈಗೆ ಸಿಕ್ಕಾಗ ಮನುಷ್ಯ ಏನು ಮಾಡಬಹುದು ಎಂಬ ಯೋಚನೆ ಬಂತು. ಈ ಸಲ ಅವನು ಕಣ್ಣು ಮುಚ್ಚಲಿಲ್ಲ.

ಅಂಜನಪ್ಪ ಡ್ರಾಯರಿನಿಂದ ಬ್ಲೇಡು ತೆಗೆದ. ಕಾಗದದ ಸಮೇತ ಅದನ್ನು ಎರಡಾಗಿ ಮುರಿದು, ಒಂದು ತುಂಡನ್ನು ಕತ್ತಿಗೆ ಸಿಕ್ಕಿಸಿ, ಕಾಗದವನ್ನು ಪಕ್ಕದ ಡಬ್ಬಿಗೆ ಹಾಕಿದ. ಅಂಚಿನವರೆಗೆ ಅಂಥದೇ ಕಾಗದ ತುಂಬಿದ ಹಳೇ ಡಬ್ಬಿ ಅದು, ಬುಡದವು ಹಳದಿಯಾಗಿದ್ದವು.

“ಯಾವಾಗಿಂದ ಇಂಗೆ ಮುರೀತಿದೀಯ?”

“ಮದ್ಲಿಂದ್ಲೂ. ನೀವು ಕಣ್ಣು ಮುಚ್ಕಂಡಿರ್ತಿದ್ರಿ.”

ಅಷ್ಟು ಹೇಳಿ ಬ್ರಶ್ಶನ್ನು ಬಿಸಿನೀರಿಗೆ ಅದ್ದಿದ. ನೊರೆ ಹಚ್ಚಿ ಸುಮಾರು ಹೊತ್ತು ಹಾಗೇ ಬಿಟ್ಟ. ಆಮೇಲೆ ಮೇಲಿನಿಂದ ಕೆಳಕ್ಕೆ ಒಂದೇ ಸಲ, ಒತ್ತದೆ ಎಳೆದ. ತಣ್ಣೀರಿನ ಬಟ್ಟೆ ಇಟ್ಟ. ಈರಬಸಪ್ಪನ ಅಂಗೈ ಅಭ್ಯಾಸಬಲದಿಂದ ಗಂಟಲಿಗೆ ಏರಿತು. ಒರಟು ತಾಗಿತು. ಕೈ ಇಳಿಸಿದ.

ಮಂಡಿಯಲ್ಲಿ ತಾನು ಆಡಿದ ಮಾತು ಸುಳ್ಳೆಂದೂ, ಅಲ್ಲೇ ಹೋಗಿ ಅದನ್ನು ಹೇಳುವೆನೆಂದೂ ಅವನು ತೊದಲಿದ. ಅಂಜನಪ್ಪ ಕತ್ತಿಯನ್ನು ತೊಳೆದು ಒರೆಸಿಟ್ಟ. ಅಷ್ಟರಲ್ಲಿ ಶಾಂತಕ್ಕ ಮಗುವಿನೊಡನೆ ಹೊಸ್ತಿಲ ಬಳಿ ಬಂದಳು. ಈರಬಸಪ್ಪ ಕೈ ಚಾಚಿದ. ಅಂಜನಪ್ಪ ನಡುವೆ ಬಂದು ನಿಂತ.

“ಹೊರಗೆ ಹೋಗಿ ಎತ್ಕಳ್ರಿ. ನಾಳೆ ಕೂಸಿಗೆ ಒಂದು ಗುಳ್ಳೆ ಎದ್ರೆ ನನ್ನ ಮ್ಯಾಲೇ ಹೇಳ್ತೀರಿ.”

ಅವನು ಸಿಟ್ಟಿನಿಂದ ಹೇಳಲಿಲ್ಲ, ಅದೇ ಈರಬಸಪ್ಪನಿಗೆ ನಾಟಿತು. ಹೊರಗೆ ಬಂದು, ಅಂಗಡಿಯ ಮೆಟ್ಟಿಲ ಮೇಲೆ ಮಗಳನ್ನು ಎತ್ತಿ, ಆ ಒರಟು ಕೆನ್ನೆಗೆ ಅವಳ ಕೆನ್ನೆ ತಾಗಿಸಿಕೊಂಡ. ಅವಳು ಕಚಗುಳಿಗೆ ಕಿಲಕಿಲ ನಕ್ಕು ಅವನ ಕಿವಿ ಹಿಡಿದಳು. ಸಂತೆಗೆ ಹೊರಟಿದ್ದ ಮಂಡಿಯ ಹಮಾಲಿ ಎರ್ರಿಸ್ವಾಮಿ ಅಲ್ಲೇ ನಿಂತು ನೋಡಿದ. ತಪ್ಪು ಅಂಜನಪ್ಪನದಲ್ಲ, ತನ್ನದು ಎಂದು ಈರಬಸಪ್ಪ ರಸ್ತೆಗೆಲ್ಲ ಕೇಳುವ ಹಾಗೆ ಹೇಳಿದ.

ಎರ್ರಿಸ್ವಾಮಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ ಹಲ್ಲು ಬಿಟ್ಟ. “ಇಂಗೆ ಬಂದು ಹೇಳಾಕೆ ಅಂಜನಪ್ಪ ಏನ್ ಕೊಟ್ಟ ಈರಬಸಪ್ಪಣ್ಣ?”

ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಕೇಳುತ್ತಿದ್ದೆನೆಂದು ಈರಬಸಪ್ಪನಿಗೆ ಗೊತ್ತಿತ್ತು. ಎರ್ರಿಸ್ವಾಮಿ ಹೋದ ಮೇಲೆ ಶಾಂತಕ್ಕ ಆಸ್ಪತ್ರೆಗೆ ಹೊತ್ತಾಯಿತೆಂದಳು. ಅವನು ಮಗಳನ್ನು ಅವಳ ಕೈಗೆ ಕೊಟ್ಟು, ಬರುವಾಗ ಇದೇ ದಾರಿಯಲ್ಲಿ ಬಾ ಅಂದ.

“ನೀವು?”

“ಯಾರಾದ್ರೂ ಒಬ್ಬ ಗಿರಾಕಿ ಒಳಗೆ ಹೋಗಾಗಂಟ ಇಲ್ಲೇ ಕುಂತಿರ್ತೀನಿ.”

ಮೆಟ್ಟಿಲ ಮೇಲೆ, ಎಲ್ಲರಿಗೂ ಕುತ್ತಿಗೆ ಕಾಣುವ ಹಾಗೆ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಕೂತ. ಸಂತೆಯ ಜನ ನೋಡಿಕೊಂಡು ದಾಟುತ್ತಿದ್ದರು. ಹೊತ್ತು ಏರಿತು, ಶಾಂತಕ್ಕ ತಿರುಗಿ ಬಂದಳು, ಒಳಗೆ ಇನ್ನೂ ಯಾರೂ ಹೋಗಿರಲಿಲ್ಲ.