ರಕ್ತದ ವರದಿ ಬಂದಾಗ ರೋಗಿ ಮನೆಗೆ ಹೋಗಿದ್ದರು

ಎಲ್ಲಿಂದ ಶುರು ಮಾಡಲಿ? ರಕ್ತದಿಂದ ಶುರು ಮಾಡಿದರೆ ನೀವು ಪತ್ತೇದಾರಿ ಕಥೆ ಅಂದುಕೊಳ್ಳುತ್ತೀರಿ. ಹೃದಯದಿಂದ ಶುರು ಮಾಡಿದರೆ ಪ್ರೇಮಕಥೆ ಅಂದುಕೊಳ್ಳುತ್ತೀರಿ. ಆದ್ದರಿಂದ ಒಂದು ಕುರ್ಚಿಯಿಂದ ಶುರು ಮಾಡುತ್ತೇನೆ.

ಆಸ್ಪತ್ರೆಯ ನೆಲಮಾಳಿಗೆ. ಎಂಟು ಕುರ್ಚಿ, ಎಂಟು ಕಂಪ್ಯೂಟರ್. ಮೂರನೆಯ ಕುರ್ಚಿಯಲ್ಲಿ ಬೂದು ಸ್ವೆಟರ್ ಹಾಕಿಕೊಂಡು ಕೂತವಳು ಮೆಡಿಕಲ್ ಕೋಡರ್. ರೋಗಿ ಮನೆಗೆ ಹೋದ ಮೇಲೆ ಫೈಲ್ ಅವಳ ಪರದೆಗೆ ಬರುತ್ತದೆ. ಡಾಕ್ಟರು ಬರೆದ ಪ್ರತಿ ಕಾಯಿಲೆಗೂ ವಿಮೆಗೆ, ದಾಖಲೆಗೆ ಬೇಕಾದ ಅದರ ಕೋಡ್ ಹಾಕಿ ಫೈಲ್ ಮುಚ್ಚುವುದು ಅವಳ ಕೆಲಸ. ಡಾಕ್ಟರು ಅರ್ಧಂಬರ್ಧ ಬರೆದಿದ್ದರೆ ಉಳಿದ ಏಳು ಜನ ಇದ್ದಷ್ಟಕ್ಕೆ ಕೋಡ್ ಹಾಕಿ ಕೈತೊಳೆದುಕೊಳ್ಳುತ್ತಾರೆ. ಇವಳು ಮಾತ್ರ ಡಾಕ್ಟರಿಗೆ ಪ್ರಶ್ನೆ ಕಳಿಸುತ್ತಾಳೆ. ಅದಕ್ಕೇ ಅಲ್ಲಿ ಅವಳ ಹೆಸರು ಪ್ರಶ್ನೆ ಮೇಡಂ.

(ಕಿಟಕಿಯಿಲ್ಲದ ಆ ಕೋಣೆ ಏನನ್ನು ಸಂಕೇತಿಸುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳಬೇಡಿ. ನೆಲಮಾಳಿಗೆಗೆ ಕಿಟಕಿ ಇರುವುದಿಲ್ಲ, ಅಷ್ಟೇ.)

೧. ಮೊದಲ ಕರಡು, ಹರಿದದ್ದು

ಬೆಳಿಗ್ಗೆ ಹನ್ನೊಂದು ಗಂಟೆ. ಫೈಲ್ ತೆರೆಯಿತು. ಐವತ್ತೆರಡು ವರ್ಷದ ಹೆಂಗಸು, ವೃತ್ತಿ ಹೊಲಿಗೆ. ಡಾಕ್ಟರ ಕೊನೆಯ ಟಿಪ್ಪಣಿ: 'ಉಸಿರಾಟದ ತೊಂದರೆ. ಈಗ ಆರಾಮ. ಮನೆಗೆ ಕಳಿಸಲಾಗಿದೆ.' ಹೊರಟದ್ದು ನಿನ್ನೆ ಮಧ್ಯಾಹ್ನ ಒಂದೂವರೆಗೆ. ರಕ್ತದ ವರದಿ ಬಂದದ್ದು ನಾಲ್ಕು ಹತ್ತಕ್ಕೆ. ಅದರಲ್ಲಿ ಬಿಎನ್‌ಪಿ ಎಂಬ ಸಾಲು, ಹೃದಯ ಸೋಲುತ್ತಿರುವಾಗ ಏರುವಂಥದ್ದು. ನೂರರ ಒಳಗಿರಬೇಕಾದದ್ದು ಸಾವಿರದ ಎಂಟುನೂರ ನಲವತ್ತು ಇದೆ, ಕೆಂಪು ಅಕ್ಷರದಲ್ಲಿ. ವರದಿಯನ್ನು ಡಾಕ್ಟರು ತೆರೆದೇ ಇಲ್ಲ. ಪ್ರಶ್ನೆ ಮೇಡಂ ಆಕಳಿಸಿ, 'ರಕ್ತದಲ್ಲಿ ಅಸಹಜ ಅಂಶ' ಎಂಬ ಕೋಡ್ ಒತ್ತಿ, ಫೈಲ್ ಮುಚ್ಚಿ, ಚಹಾಕ್ಕೆ ಹೋದಳು.

"ಏನ್ ಸಾರ್ ಇದು, ನನ್ನನ್ನ ರಾಕ್ಷಸಿ ಮಾಡ್ಬಿಟ್ರಿ?" ಅವಳು ಬಾಗಿಲಲ್ಲೇ ನಿಂತು, ಬರೆಯುತ್ತಿದ್ದ ನನ್ನ ಕಡೆ ತಿರುಗಿದಳು. "ನಾನು ಆಕಳಿಸಿದ್ದನ್ನ ನೀವ್ಯಾವಾಗ ನೋಡಿದ್ರಿ?"

ನಿಜ ಹೇಳಬೇಕೆಂದರೆ ಅವಳನ್ನು ರಾಕ್ಷಸಿ ಮಾಡಲೆಂದೇ ಈ ಕಥೆಗೆ ಕೈಹಾಕಿದ್ದೆ.

೨. ಎರಡನೆಯ ಕರಡು

ಆ ರೋಗಿ ಪ್ರಶ್ನೆ ಮೇಡಂನ ಸ್ವಂತ ಅಕ್ಕ. ಓದುಗರ ಕರುಳು ಚುರುಕ್ಕೆನ್ನಬೇಕಲ್ಲ!

"ಆಗಲ್ಲ. ನಮ್ಮವರ ಫೈಲ್ ನಾವು ಮುಟ್ಟೋ ಹಾಗೇ ಇಲ್ಲ. ಮುಟ್ಟಿದ್ರೆ ಅವತ್ತೇ ಕೆಲಸ ಹೋಗುತ್ತೆ." ಅವಳು ನನ್ನನ್ನೇ ನೋಡಿದಳು. "ಕರುಳು ಚುರುಕ್ಕೆನ್ನಿಸೋಕೆ ಅಮ್ಮ ಇದಾರೆ, ಅತ್ತೆ ಇದಾರೆ. ನಿಮ್ಗೆ ಅಕ್ಕನೇ ಯಾಕೆ ಬೇಕು ಸಾರ್?"

ನಾನು ಪುಟ ತಿರುಗಿಸಿದೆ.

೩.

ಹನ್ನೆರಡು ವರ್ಷದಿಂದ ಇಂಥ ಸಂಖ್ಯೆಗಳನ್ನು ಓದಿದವಳಿಗೆ ಸಾವಿರದ ಎಂಟುನೂರ ನಲವತ್ತು ಏನು ಹೇಳುತ್ತಿದೆ ಎಂದು ಗೊತ್ತು. ಬರೆಯುವಂತಿಲ್ಲ. ಡಾಕ್ಟರು ಬರೆಯದ ಕಾಯಿಲೆಗೆ ಕೋಡರ್ ಕೋಡ್ ಹಾಕಬಾರದು. ಪ್ರಶ್ನೆ ಕೇಳಬಹುದು, ಆದರೆ ಉತ್ತರವನ್ನು ಡಾಕ್ಟರ ಬಾಯಿಗೆ ತುರುಕಬಾರದು. 'ಇದು ಹೃದಯ ವೈಫಲ್ಯ ಅಲ್ಲವೇ?' ಎಂದು ಟೈಪ್ ಮಾಡಿದಳು, ಅಳಿಸಿದಳು. ಕೊನೆಗೆ ಹೀಗೆ ಕಳಿಸಿದಳು: 'ಬಿಎನ್‌ಪಿ 1840. ರೋಗಿ ಹೋದ ನಂತರ ಬಂದಿದೆ. ಇದರ ಅರ್ಥವೇನೆಂದು ದಯವಿಟ್ಟು ದಾಖಲಿಸಿ.'

ಪರದೆ ಹೇಳಿತು: ಉತ್ತರಕ್ಕೆ ಏಳು ದಿನ ಕಾಲಾವಕಾಶವಿದೆ.

"ಏಳು ದಿನ!" ನನಗೆ ತಡೆಯಲಾಗಲಿಲ್ಲ. "ಅಷ್ಟರಲ್ಲಿ ಆ ಹೆಂಗಸು ಸತ್ತೇ ಹೋಗಬಹುದು. ನೀವೇ ಫೋನ್ ಮಾಡಿ ಹೇಳಿ."

"ಏನಂತ ಹೇಳ್ಲಿ? ನಾನೇನು ಡಾಕ್ಟ್ರಾ? ಸುಮ್ನೆ ಕೂಗಾಡ್ಬೇಡಿ ಸಾರ್."

ಆಮೇಲೆ ಅವಳು ಮಾಡಿದ್ದು ನಾನು ಬರೆದದ್ದಲ್ಲ. ಸ್ವೆಟರ್ ಕಳಚಿ ಕುರ್ಚಿಗೆ ಹಾಕಿದಳು. ಕೋಡರ್‌ಗಳು ಎಂದೂ ಹತ್ತದ ಮೆಟ್ಟಿಲುಗಳನ್ನು ಹತ್ತಿ ಮೂರನೆಯ ಮಹಡಿಯ ವಾರ್ಡಿಗೆ ಹೋದಳು. ಡಾಕ್ಟರು ಬೇಸಿನ್ ಮುಂದೆ ಕೈ ತೊಳೆಯುತ್ತಿದ್ದರು.

"ಡಾಕ್ಟ್ರೇ, ನಾನು ಕೆಳಗಡೆ ಕೋಡಿಂಗ್‌ನವಳು. ಒಂದು ಪ್ರಶ್ನೆ ಕಳಿಸಿದೀನಿ."

"ಸಂಜೆ ನೋಡ್ತೀನಮ್ಮ."

"ನಾನೇನೂ ಹೇಳೋ ಹಾಗಿಲ್ಲ. ಈಗ್ಲೇ ನೋಡಿ ಅಂತ ಮಾತ್ರ ಕೇಳ್ತಿದೀನಿ. ನೋಡೋ ತನಕ ಇಲ್ಲೇ ನಿಂತಿರ್ತೀನಿ."

ಡಾಕ್ಟರು ಒದ್ದೆ ಕೈಯಲ್ಲೇ ಪರದೆ ತೆರೆದರು. ಓದಿದರು. ಅವರ ಮುಖ ಸಪ್ಪಗಾಯಿತು. "ಸಿಸ್ಟರ್," ಎಂದು ನರ್ಸನ್ನು ಕರೆದರು, "ಇವರಿಗೆ ಈಗ್ಲೇ ಫೋನ್ ಮಾಡಿ. ತಕ್ಷಣ ವಾಪಸ್ ಬರ್ಬೇಕು ಅಂತ ಹೇಳಿ."

ನರ್ಸ್ ರೋಗಿಯ ನಂಬರ್ ಒತ್ತಿದಳು. ಫೋನ್ ರಿಂಗಾಗತೊಡಗಿತು.

೪. ಅಂತ್ಯಗಳು (ಬೇಕಾದ್ದನ್ನು ಆರಿಸಿಕೊಳ್ಳಿ)

ಅ) ಹೆಂಗಸು ಫೋನ್ ಎತ್ತುತ್ತಾಳೆ, ಬರುತ್ತಾಳೆ, ಬದುಕುತ್ತಾಳೆ. ಎಲ್ಲರಿಗೂ ಸಮಾಧಾನ.

ಆ) ನಂಬರ್ ತಪ್ಪು. ಯಾರ ತಪ್ಪೂ ಅಲ್ಲ. ಕಥೆಗಾರನಿಗೆ ಸಮಾಧಾನ.

ಇ)

"ಇ ಏನು ಸಾರ್?" ಪ್ರಶ್ನೆ ಮೇಡಂ ಕೇಳಿದಳು. ಅವಳ ಅಭ್ಯಾಸವೇ ಅದು, ಖಾಲಿ ಬಿಟ್ಟ ಜಾಗ ಕಂಡರೆ ಬಿಡುವವಳಲ್ಲ. "ನಿಮ್ಮಕ್ಕನ ಫೈಲ್ ಆಸ್ಪತ್ರೆಯಿಂದ ತರಿಸಿ ನೋಡಿದೀರಲ್ಲ? ಅದ್ರಲ್ಲಿ ಕೋಡರ್ ಪ್ರಶ್ನೆ ಇತ್ತಾ?"

"ಇತ್ತು."

"ಡಾಕ್ಟ್ರ ಉತ್ತರ?"

"ಒಂದು ಗಂಟೆಯೊಳಗೇ ಬಂದಿತ್ತು."

"ಮತ್ತೆ?"

ಮತ್ತೆ ಆ ಫೈಲಿನ ಕೊನೆಯಲ್ಲಿ ನರ್ಸ್ ಬರೆದ ಒಂದು ಸಾಲಿತ್ತು: 'ರೋಗಿಯ ಮೊಬೈಲಿಗೆ ಎರಡು ಸಲ ಕರೆ ಮಾಡಲಾಯಿತು. ಎರಡೂ ಸಲ ಕಟ್ ಮಾಡಿದ್ದಾರೆ.'

ಅಕ್ಕನ ಮೊಬೈಲ್ ನನ್ನ ಹತ್ತಿರ ಇತ್ತು. "ನೀನು ಮಲಗಕ್ಕ, ಬಟ್ಟೆ ಕೊಟ್ಟವ್ರು ಫೋನ್ ಮಾಡಿ ಪ್ರಾಣ ತಿಂತಾರೆ, ನಾನು ನೋಡ್ಕೋತೀನಿ" ಎಂದು ನಾನೇ ಇಸಿದುಕೊಂಡಿದ್ದೆ. ಆಸ್ಪತ್ರೆಯ ನಂಬರ್ ಬಂತು. ನಮ್ಮ ಸೇವೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂದು ಹಿಂದಿನ ಸಂಜೆ ಅಲ್ಲಿಂದಲೇ ಒಬ್ಬಳು ತಲೆ ತಿಂದಿದ್ದಳು. ಮತ್ತೆ ಅವಳೇ ಇರಬೇಕು ಎಂದುಕೊಂಡು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಆಗ ನಾನೊಂದು ಕಥೆ ಬರೆಯಲು ಕೂತಿದ್ದೆ. ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ.

ಅದಾಗಿ ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ಹೋದಳು. ಅಳತೆ ಟೇಪು ಕೊರಳಲ್ಲೇ ಇತ್ತು.

ಅವಳ ಫೈಲಿಗೆ ಪ್ರಶ್ನೆ ಬರೆದ ಕೋಡರ್ ಯಾರೋ ನನಗೆ ಗೊತ್ತಿಲ್ಲ. ಅವರ ಮೇಲೆ ಎರಡು ವರ್ಷ ಕೋಪ ಸಾಧಿಸಿದೆ. ಬೇರೆ ಯಾರ ಮೇಲೆ ಸಾಧಿಸಲಿ?

೫.

ಪ್ರಶ್ನೆ ಮೇಡಂ ನನಗೆ ಬೈಯಲಿಲ್ಲ. ನರ್ಸಿನ ಪಕ್ಕ ನಿಂತಿದ್ದಾಳೆ. ಡಾಕ್ಟರ ಕೈ ಇನ್ನೂ ಒದ್ದೆಯಿದೆ. ಫೋನ್ ರಿಂಗಾಗುತ್ತಲೇ ಇದೆ.

"ಎತ್ತಿ ಸಾರ್," ಎಂದಳು ಮೆಲ್ಲಗೆ.

ಕಥೆ ಇಲ್ಲಿಗೆ ಮುಗಿಯಬೇಕು, ಬರೆಯುವವನಾಗಿ ಅಷ್ಟು ನನಗೂ ಗೊತ್ತು. ಆದರೆ ಕೊನೆಯ ಸಾಲು ಬರೆದರೆ ರಿಂಗ್ ನಿಲ್ಲುತ್ತದೆ. ಹಾಗಾಗಿ ಬರೆಯುವುದಿಲ್ಲ. ಒಳಕೋಣೆಯಲ್ಲಿ ಅಕ್ಕ ಮಲಗಿದ್ದಾಳೆ, ಉಸಿರಾಡುವ ಸದ್ದು ಕೇಳಿಸುತ್ತಿದೆ. ಅಕ್ಕನ ಮೊಬೈಲ್ ನನ್ನ ಕೈಯಲ್ಲಿದೆ. ಇದು ನರ್ಸ್ ಮಾಡಿದ ಎರಡನೆಯ ಕರೆ, ನಾನಿನ್ನೂ ಕಟ್ ಮಾಡಿಲ್ಲ.