ಜಾಮ್ ಫ್ಯಾಕ್ಟರಿಯವನ ಪಥ್ಯ

ಆಹಾರ ತಜ್ಞೆಯ ಮಾತು ಕೇಳಿ ಆತ ನಕ್ಕುಬಿಟ್ಟ. ನಗುವಷ್ಟು ತ್ರಾಣ ಮೈಯಲ್ಲಿರಲಿಲ್ಲ, ಆದರೂ ನಕ್ಕ.

"ತಮಾಷೆ ಅಲ್ಲ ಯಜಮಾನ್ರೇ," ಎಂದಳು ಆಕೆ. "ಉಪ್ಪು ಕಮ್ಮಿ ಮಾಡಿ. ಬಾಳೆಹಣ್ಣು, ಕಿತ್ತಳೆ ಬೇಡ. ನೀರು ಅಳತೆ ಮೇಲೆ. ನಿಮಗೆ ಸಕ್ಕರೆ ಕಾಯಿಲೆ ಇಲ್ಲ, ತೂಕ ಬೇರೆ ಇಳೀತಿದೆ. ಬಿಳಿ ಬ್ರೆಡ್ಡಿಗೆ ಒಂದು ಚಮಚ ಸೇಬಿನ ಜಾಮ್ ಸವರ್ಕೊಂಡು ತಿನ್ನಿ. ಕಿಡ್ನಿಗೆ ಭಾರ ಆಗಲ್ಲ."

"ಇವ್ರು ಜಾಮ್ ಫ್ಯಾಕ್ಟರೀಲೇ ಇದ್ದೋರು ಮೇಡಂ," ಎಂದಳು ಪಕ್ಕದಲ್ಲಿದ್ದ ಹೆಂಡತಿ.

ಮೀಸೆ ಚಿಗುರಿದಾಗ ಸೇರಿ, ಕಾಯಿಲೆ ಬಂದು ಬಿಡಿಸುವ ತನಕ ಕುದಿಯುವ ಕೊಪ್ಪರಿಗೆಯ ಮುಂದೆ ನಿಂತು ಪಾಕ ತಿರುವಿದವನು ಆತ. ಅಂಗಿ, ಕೂದಲು, ಉಗುರಿನ ಸಂದು, ಎಲ್ಲಕ್ಕೂ ಸಿಹಿ ಅಂಟು. ಆ ವಾಸನೆ ಅಂದರೆ ಅವನಿಗೆ ಆಗುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಹೆಂಡತಿ ಒಂದು ಬಾಟಲಿ ತಂದಾಗ, "ಇದು ಹೊಸಿಲು ದಾಟಕೂಡದು" ಎಂದು ರೇಗಿದ್ದ. ಮತ್ತೆ ದಾಟಲೂ ಇಲ್ಲ.

ಈಗ ದಾಟಿತು. ಡಯಾಲಿಸಿಸ್ ಮುಗಿಸಿ ಬಂದ ಸಂಜೆ ಆತ ಒದ್ದೆ ಬಟ್ಟೆಯಂತೆ ಕುರ್ಚಿಗೆ ಕುಸಿದ. ಬೆಳಗ್ಗೆಯೆಲ್ಲ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿ, ಮಧ್ಯಾಹ್ನವೆಲ್ಲ ಆಸ್ಪತ್ರೆಯ ಬೆಂಚಿನಲ್ಲಿ ಕೂತಿದ್ದ ಹೆಂಡತಿ ಬ್ರೆಡ್ಡಿಗೆ ಜಾಮ್ ಸವರಿ ತಂದಿಟ್ಟಳು. ಆತ ಒಂದು ತುತ್ತು ಕಚ್ಚಿ ತಟ್ಟೆ ದೂಡಿದ.

"ಗಂಟಲಲ್ಲಿ ಇಳೀತಿಲ್ಲ ಕಣೇ."

ಅವಳು ಜಗಳಕ್ಕೆ ನಿಲ್ಲಲಿಲ್ಲ. ತಟ್ಟೆ ಎತ್ತಿಕೊಂಡು ಹೋಗಿ, ಸಿಂಕಿನ ಮುಂದೆ ನಿಂತೇ ಅವನು ಬಿಟ್ಟದ್ದನ್ನು ತಿಂದಳು. ತಿಂದು ಮುಗಿಸಿ, ತಟ್ಟೆಗೆ ಮೆತ್ತಿದ್ದನ್ನು ಬೆರಳಲ್ಲಿ ಬಳಿದು ಚೀಪಿದಳು. ಆತ ನೋಡುತ್ತಲೇ ಇದ್ದ.

"ನಿಂಗೆ ಜಾಮ್ ಅಂದ್ರೆ ಇಷ್ಟಾನಾ?"

"ಚಿಕ್ಕೋಳಿದ್ದಾಗಿಂದ್ಲೂ."

"ಮತ್ತೆ ಇಷ್ಟು ವರ್ಷ ಬಾಯೇ ಬಿಡ್ಲಿಲ್ವಲ್ಲ!"

"ನೀವು ಸುಸ್ತಾಗಿ ಬರ್ತಿದ್ರಿ. ಮನೇಲೂ ಅದೇ ಗೋಳು ಯಾಕೆ ಅಂತ ಸುಮ್ನಿದ್ದೆ. ಆಮೇಲೆ ಅಭ್ಯಾಸ ಆಗೋಯ್ತು."

ಮಾತಿನಲ್ಲಿ ಕೋಪವಿರಲಿಲ್ಲ. ಬೈದಿದ್ದರೆ ವಾಸಿಯಿತ್ತು ಅನಿಸಿತು ಅವನಿಗೆ.

"ಇನ್ನೆರಡು ಬ್ರೆಡ್ ತಗೊಂಡ್ ಬಾ," ಎಂದ. "ನಂಗೆ ತೆಳ್ಳಗೆ ಸವರು. ನಿಂಗೆ ದಪ್ಪಗೆ ಹಾಕ್ಕೋ. ಇಲ್ಲೇ ಕೂತ್ಕೊಂಡು ತಿನ್ನು."

ಇಬ್ಬರೂ ಎದುರುಬದುರು ಕೂತರು. ಆತ ಔಷಧಿಯಂತೆ ಅಗಿದ.

"ಹೇಗಿದೆ?"

"ದರಿದ್ರವಾಗಿದೆ. ಪಾಕ ಸೀದೋಗಿದೆ, ಯಾವನೋ ನಿದ್ದೆಗಣ್ಣಲ್ಲಿ ತಿರುವಿದಾನೆ."

ಅವಳು ಜೋರಾಗಿ ನಕ್ಕಳು. ಆತ ಕಣ್ಣು ಮುಚ್ಚಿ ಉಳಿದದ್ದನ್ನೂ ನುಂಗಿ, ಹಾಗೇ ಕುರ್ಚಿಗೆ ಒರಗಿದ. ಕಣ್ಣು ತೆರೆಯುವಷ್ಟರಲ್ಲಿ ಅವಳು ಮೇಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಎಬ್ಬಿಸಿ ಮಂಚಕ್ಕೆ ಕಳಿಸೋಣವೆಂದುಕೊಂಡ, ಮನಸ್ಸು ಬರಲಿಲ್ಲ. ತಟ್ಟೆ ಬೆಳಗ್ಗೆ ತೊಳೆದರಾಯಿತು ಎಂದುಕೊಂಡು ಆತನೂ ಅಲ್ಲೇ ಕೂತ.