ಗೂಡು ಬದಲಾದ ಮೊಳೆಗಳು

ತನಗೂ ಶುರುವಾಯಿತೇ? ತಾಯಿಗೆ ಎಪ್ಪತ್ತು ದಾಟಿದ ಮೇಲೆ ಬಂದ ಮರೆವು ತನಗೆ ಐವತ್ತಕ್ಕೇ ಬಂತೇ? ಪ್ರೂಫ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಪೀರಾ ಸಾಬ್ ಮತ್ತೆ ಓದಲು ನೋಡಿದ. ಮಾನ್ವಿಯ ಅಕ್ಕಿ ಗಿರಣಿಯೊಂದರ ಪ್ರಾರಂಭೋತ್ಸವದ ಆಮಂತ್ರಣ, ತಾನೇ ಈಗಷ್ಟೆ ಜೋಡಿಸಿದ್ದು. ಅಕ್ಷರಗಳೆಲ್ಲ ಕನ್ನಡದವೇ, ಆದರೆ ಒಂದು ಸಾಲಿಗೂ ಅರ್ಥವಿರಲಿಲ್ಲ.

ರಾಯಚೂರಿನ ಆ ಪ್ರೆಸ್ಸಿನಲ್ಲಿ ಅವನು ಮೀಸೆ ಮೂಡುವ ಮೊದಲೇ ಅಕ್ಷರ ಜೋಡಿಸುವ ಕಂಪೋಸಿಂಗ್ ಕೆಲಸ ಕಲಿತವನು. ಮರದ ಕೇಸಿನ ಯಾವ ಗೂಡಿನಲ್ಲಿ ಯಾವ ಅಕ್ಷರದ ಸೀಸದ ಮೊಳೆ ಇದೆಯೆಂದು ಕೈಗೇ ಗೊತ್ತಿತ್ತು. ಕಣ್ಣು ಹಸ್ತಪ್ರತಿ ಬಿಟ್ಟು ಕದಲುತ್ತಿರಲಿಲ್ಲ. ಜೋಡಿಸಿದ್ದನ್ನು ತಿರುಗಿ ನೋಡುವುದು ಅವನಿಗೆ ಅವಮಾನ.

ಮಾಲೀಕ ವಿರೂಪಣ್ಣ ಹಾಳೆ ನೋಡಿ ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು.

"ಮೈಯಾಗ ಆರಾಮ ಇಲ್ಲೇನು ಪೀರಾ? ಮನಿಗಿ ಹೋಗು. ಈ ಕೆಲಸ ಹೊಸಾ ಹುಡುಗ ಸೂಗಪ್ಪ ನೋಡ್ತಾನ."

ಅವನು ಮನೆಗೆ ಹೋಗಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕುಳಿತ. ತಾಯಿ ಬಡೇಬೀ ನಿನ್ನೆ ಅವನನ್ನು ತನ್ನ ತಮ್ಮನೆಂದು ಕರೆದಿದ್ದಳು. ಬೆಳಿಗ್ಗೆ ಚಹಾ ಕೊಟ್ಟಾಗ ನೀನು ಯಾರೆಂದು ಕೇಳಿದ್ದಳು. ನಾಳೆ ಏನೋ. ಅವಳ ತಪ್ಪುಗಳಿಗೆ ಒಂದು ಕ್ರಮ ಎಂಬುದಿರಲಿಲ್ಲ.

ಅಷ್ಟು ಯೋಚಿಸಿದವನು ಹಾಳೆಯನ್ನು ಮತ್ತೆ ಬಿಡಿಸಿದ. 'ಮ' ಇರಬೇಕಾದಲ್ಲೆಲ್ಲ 'ಪ'. 'ರ' ಇರಬೇಕಾದಲ್ಲೆಲ್ಲ 'ಸ'. ಇನ್ನೂ ಹತ್ತಾರು ಅಕ್ಷರಗಳದ್ದೂ ಮೇಲಿನಿಂದ ಕೆಳಗಿನವರೆಗೂ ಹಾಗೆಯೇ. ಮರೆತವರು ಇಷ್ಟು ನಿಷ್ಠೆಯಿಂದ ತಪ್ಪುವುದಿಲ್ಲ. ಎದ್ದು 'ಮ'ದ ಗೂಡಿಗೆ ಕೈಹಾಕಿ, ಬಂದ ಮೊಳೆಯನ್ನು ಕಣ್ಣ ಹತ್ತಿರ ತಂದ. 'ಪ'. ಇನ್ನೊಂದು ತೆಗೆದ. ಅದೂ 'ಪ'.

ದೇವದುರ್ಗದ ಪ್ರೆಸ್ಸೊಂದನ್ನು ಬಿಟ್ಟು ಹೊಸದಾಗಿ ಬಂದಿದ್ದ ಕಂಪೋಸಿಟರ್ ಸೂಗಪ್ಪನನ್ನು ಕರೆದ. ಆಯುಧಪೂಜೆಗೆ ಕೇಸುಗಳನ್ನು ಬರಿದುಮಾಡಿ, ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ತುಂಬುವುದು ಅಲ್ಲಿಯ ರೂಢಿ. ಪ್ರತಿ ವರ್ಷ ತುಂಬುವವನು ಪೀರಾ ಸಾಬ್. ಈ ದಸರೆಯಲ್ಲಿ ತಾಯಿಯನ್ನು ದವಾಖಾನೆಗೆ ಕರೆದೊಯ್ದಿದ್ದ. ಹಬ್ಬ ಕಳೆದ ಮೇಲೆ ಇದೇ ಅವನ ಮೊದಲ ಕೆಲಸ.

"ಈ ಗೂಡಿನಾಗ ಪ ಹಾಕಿದವ ನೀ ಏನು?"

"ಹೂಂರೀ ಚಾಚಾ. ನಮ್ಮ ದೇವದುರ್ಗದಾಗ ಅದರ ಜಾಗಾ ಇದೇ. ಯಾಕ್ರೀ, ರಾಯಚೂರಾಗ ಅದಕ್ಕ ಬ್ಯಾರೆ ಓಣಿ ಅದ ಏನು?"

ಪೀರಾ ಸಾಬ್ ನಗತೊಡಗಿದ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ. ಸೂಗಪ್ಪ ಗಾಬರಿಯಾಗಿ ತಪ್ಪಾಯಿತೆಂದ. ತಪ್ಪು ಯಾರದೂ ಅಲ್ಲವೆಂದು ಪೀರಾ ಸಾಬ್ ಅವನ ಬೆನ್ನು ತಟ್ಟಿದ. ಇಬ್ಬರೂ ಕೂತು ಕೇಸನ್ನು ಮತ್ತೆ ಬರಿದುಮಾಡಿ ತುಂಬಿದರು. ಮಧ್ಯೆ ಯಾವ ಊರಿನ ಜೋಡಣೆ ಮೇಲೆಂದು ಸೂಗಪ್ಪ ವಾದ ಹೂಡಿದ. ಪೀರಾ ಸಾಬ್ ಸುಮ್ಮನೆ ಸೋತ. ಆಮಂತ್ರಣ ಹೊಸದಾಗಿ ಜೋಡಣೆಯಾಯಿತು. ಎರಡನೆಯ ಪ್ರೂಫ್ ಸ್ವಚ್ಛವಾಗಿ ಬಂತು.

ವಿರೂಪಣ್ಣ ಹಾಳೆಯನ್ನು ಓದಿ ತಲೆಯಾಡಿಸಿದ. ಆಮೇಲೆ ಕನ್ನಡಕ ತೆಗೆದು, ಮುಂಜಾನೆ ಮುಖ ಅಷ್ಟು ಬಾಡಿತ್ತಲ್ಲ, ಏನಾಗಿತ್ತು ಎಂದು ಕೇಳಿದ.

ಸೀಮೆಎಣ್ಣೆ ವಾಸನೆಗೆ ತಲೆ ತಿರುಗಿತ್ತೆಂದ ಪೀರಾ ಸಾಬ್. ತಾಯಿಯ ಮರೆವು ತನಗೂ ಬಂತೆಂದು ಹೆದರಿದ್ದನ್ನು ಅವನು ಯಾರಿಗೂ ಹೇಳಲಿಲ್ಲ.